ಹೋಗುವವರ ಹೆಸರಿನ ಕಡುಬು

ಪೊಹಾಂಗ್, ಮೀನುಪೇಟೆ ಹಿಂದಿನ ಬೀದಿ
22 ಅಕ್ಟೋಬರ್ 2018, ಸೋಮವಾರ

ನನ್ನ ಚಿನ್ನದಂಥ ಗ್ಯೂಜಿನ್‌ಗೆ,

ಹೇಗಿದ್ದೀಯಪ್ಪಾ? ಕಾಲಿನ ಗುಳ್ಳೆ ಒಣಗಿತೇ? ಇಂಜೆ ಬೆಟ್ಟದ ಕಡೆ ಆಗಲೇ ಇಬ್ಬನಿ ಹೆಪ್ಪುಗಟ್ಟುತ್ತಿದೆ ಎಂದು ಟಿವಿಯಲ್ಲಿ ಹೇಳಿದರು. ಕಳಿಸಿದ ಉಣ್ಣೆಯ ಒಳಚಡ್ಡಿ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಜೊತೆಯವರು ನಗುತ್ತಾರೆ ಎಂದು ಪೆಟ್ಟಿಗೆಯ ತಳಕ್ಕೆ ತುರುಕಿದ್ದೀಯೋ? ನಗುವವರಿಗೆ ಹೇಳು, ನಮ್ಮಮ್ಮನ ಕೈಯಲ್ಲಿ ಕಡುಬು ಜಜ್ಜುವ ಕೊಡತಿ ಇದೆ, ಒಂದು ಸಲ ಬಂದು ನೋಡಿ ಎಂದು. ನಿನ್ನ ಗಂಟಲು ಬೇರೆ ಚಳಿಗೆ ಬೇಗ ಕಟ್ಟಿಕೊಳ್ಳುತ್ತದೆ, ಬಿಸಿನೀರು ಕುಡಿ. ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪನ ಸೊಂಟ ನೋವು ಕಡಿಮೆಯಾಗಿದೆ, ಮಾತು ಅದಕ್ಕಿಂತ ಕಡಿಮೆಯಾಗಿದೆ. ಸುಗ್ಗಿ ಹಬ್ಬದ ವ್ಯಾಪಾರ ಮುಗಿದು ಈಗ ಮದುವೆಯ ಆರ್ಡರುಗಳು ಶುರುವಾಗಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಬ್ಯಾರಕ್ಕಿನ ಫೋನಿನ ಹಿಂದೆ ಯಾವಾಗಲೂ ಒಬ್ಬ ನಿಂತು ಕೆಮ್ಮುತ್ತಿರುತ್ತಾನೆ. ಅದಕ್ಕೇ ಅಂಗಡಿಯ ಬೆಂಚಿನ ಮೇಲೆ ಕೂತು, ಒದ್ದೆ ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ಕದಡಿದರೆ ಅಳು ಎಂದುಕೊಳ್ಳಬೇಡ, ಅಕ್ಕಿ ತೊಳೆದ ನೀರು.

ನಿನ್ನ ಪತ್ರ ಹೋದ ವಾರ ಬಂದಿತು. ನಿಮ್ಮ ತುಕಡಿಗೆ ಹೊಸದಾಗಿ ಬಂದು ನಿನ್ನ ಕೈಕೆಳಗೆ ಸೇರಿರುವ ಹುಡುಗ ಬೇರೆ ಯಾರೂ ಅಲ್ಲ, ನಿನ್ನ ತಂಗಿಯ ಶಾಲೆಯ ಆ ಯುಲ್ಹೀಯ ಸ್ವಂತ ಅಣ್ಣ ಸಾನ್‌ಹಾ ಎಂದು ಓದಿದಾಗ ನಾನು ಒಲೆಯ ಮುಂದೆ ಹಾಗೇ ಕುಕ್ಕರಿಸಿಬಿಟ್ಟೆ. ಊರು ಯಾವುದು ಎಂದು ನೀನು ಕೇಳಿದ್ದು, ಅವನು ಪೊಹಾಂಗ್ ಎಂದದ್ದು, ನಾನು ಮೀನುಪೇಟೆ ಹಿಂದಿನ ಕಡುಬಿನಂಗಡಿಯವನು ಎಂದು ನೀನು ಹೇಳಿದ ಕೂಡಲೇ ಅವನ ಮುಖ ಬಿಳಿಚಿಕೊಂಡದ್ದು, ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೊನೆಯಲ್ಲಿ ಬರೆದಿದ್ದೀಯಲ್ಲ, 'ಅಮ್ಮಾ, ಇಲ್ಲಿ ಹಿರಿಯ ಸಿಪಾಯಿ ಹೇಳಿದ್ದೇ ಕಾನೂನು. ನೀನು ಹೂಂ ಅನ್ನು ಸಾಕು, ತಂಗಿ ಬೊರಾಮ್ ತಿಂದಿದ್ದನ್ನೆಲ್ಲ ಇವನಿಗೂ ತಿನ್ನಿಸ್ತೀನಿ' ಎಂದು. ಒಳ್ಳೆಯ ತಾಯಿಯಾದವಳು ಇದನ್ನು ಓದಿ ಹೌಹಾರಬೇಕಿತ್ತು. ನಾನು ಹೌಹಾರಲಿಲ್ಲ. ಬಾಯಲ್ಲಿ ನೀರೂರಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ಎಂಬುದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ಈ ವಾರ ಇಲ್ಲಿ ನಡೆದದ್ದನ್ನು ನೀನು ಕೇಳಬೇಕು.

ಗುರುವಾರ ತೀರ್ಪು ಬಂದಿತು. ನಾವು ಗೆದ್ದೆವು. ಗೆದ್ದೆವು ಎಂದು ಬರೆಯುವಾಗ ಕೈಗೆ ಏನೂ ಅನಿಸುತ್ತಿಲ್ಲ ನೋಡು, ಅದಕ್ಕೇ ಹಿಂದಿನದನ್ನು ಮತ್ತೆ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ನಾನು ದಿನಾ ಒಂದು ಸಲ ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ, ಸಿಟ್ಟು ಹಳಸಬಾರದು ಎಂದು. ಮೊದಲು ಸ್ನೇಹದಿಂದಲೇ ಶುರುವಾಯಿತು. 'ಬೊರಾಮ್, ನಿಮ್ಮಮ್ಮನ ಕಡುಬು ಎಷ್ಟು ಚೆನ್ನಾಗಿರುತ್ತೆ ಕಣೇ, ನಾಳೆನೂ ತಾರೇ' ಎಂದು ಆ ಯುಲ್ಹೀ ಹೇಳಿದಳಂತೆ. ನಾನು ಹಿಗ್ಗಿ ಹೀರೇಕಾಯಿಯಾಗಿ, ಹುರಿಹಿಟ್ಟಿನಲ್ಲಿ ಹೊರಳಿಸಿದ ಅಂಟು ಕಡುಬನ್ನು ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಕಳಿಸುತ್ತಿದ್ದೆ. ಹೈಸ್ಕೂಲಿಗೆ ಸೇರಿದ ವರ್ಷವೇ ನನ್ನ ಮಗಳಿಗೆ ಗೆಳತಿಯರು ಸಿಕ್ಕಿದರು ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬರುಬರುತ್ತಾ ಕಡುಬು ತಂದ ದಿನ ಮಾತು, ತರದ ದಿನ ಮೌನ ಎಂದಾಯಿತು. ಆಮೇಲೆ ತಂದರೂ ಮೌನ. ಮಗು ಮನೆಯಲ್ಲಿ ಊಟ ಬಿಟ್ಟಿತು. 'ಹಸಿವಿಲ್ಲಮ್ಮ' ಎನ್ನುತ್ತಿದ್ದಳು, ನಾನು ತೆಳ್ಳಗಾಗುವ ಹುಚ್ಚು ಇರಬೇಕು ಎಂದು ಬೈಯುತ್ತಿದ್ದೆ. ಹೋದ ವರ್ಷ ಶರತ್ಕಾಲದ ಆ ದಿನ ಶಾಲೆಯಲ್ಲಿ ಚೆಂಡು, ಬಲೆ ಇಡುವ ಕೋಣೆಯ ಬಾಗಿಲು ಹಾಕಿಕೊಂಡು, ಹಿಂದಿನ ದಿನದ ಒಣಗಿದ ಕಡುಬನ್ನು ನೀರು ಕೊಡದೆ ಒಂದರ ಮೇಲೊಂದು ಅವಳ ಬಾಯಿಗೆ ತುರುಕಿದರು. ಇಬ್ಬರು ಕೈ ಹಿಡಿದಿದ್ದರು. ಯುಲ್ಹೀ ಫೋನಿನಲ್ಲಿ ವೀಡಿಯೋ ತೆಗೆಯುತ್ತಾ 'ಕಡುಬಿನ ರಾಜಕುಮಾರಿ ಊಟಕ್ಕೆ ಕೂತಿದ್ದಾಳೆ ನೋಡ್ರೇ' ಎಂದು ನಗುತ್ತಿದ್ದಳು. ಉಸಿರು ಸಿಕ್ಕಿಕೊಂಡು ನನ್ನ ಕೂಸು ನೀಲಿಗಟ್ಟಿ ಕೆಳಗೆ ಬಿದ್ದ ಮೇಲೂ ಆ ವೀಡಿಯೋ ನಿಲ್ಲಲಿಲ್ಲ. ಆಟದ ಮೇಷ್ಟ್ರು ಅಕಸ್ಮಾತ್ತಾಗಿ ಬಲೆ ತೆಗೆದುಕೊಳ್ಳಲು ಬಂದು ಬೆನ್ನಿಗೆ ಗುದ್ದಿ ಗುದ್ದಿ ಗಂಟಲು ಬಿಡಿಸಿದರು. ನಾನು ನಸುಕಿಗೆ ಎದ್ದು, ಬೆಂದ ಅಕ್ಕಿಯನ್ನು ಜಜ್ಜಿ, ಇದು ನನ್ನ ಮಗಳ ಗೆಳತಿಯರಿಗೆ ಎಂದು ಚೆನ್ನಾಗಿ ಅಂಟು ಬರಲಿ ಎಂದು ಇನ್ನೂ ನಾಲ್ಕು ಏಟು ಹೆಚ್ಚಿಗೆ ಹಾಕಿದ ಕಡುಬು ಅದು! ನನ್ನ ಕೈಯಡುಗೆಯಿಂದಲೇ ನನ್ನ ಮಗಳ ಉಸಿರು ನಿಲ್ಲಿಸಲು ಹೊರಟರಲ್ಲ, ಅದನ್ನು ನಾನು ಸತ್ತು ಬೂದಿಯಾದರೂ ಕ್ಷಮಿಸುವುದಿಲ್ಲ.

ಅಂದಿನಿಂದ ಬೊರಾಮ್‌ಗೆ ಅಕ್ಕಿ ಬೇಯುವ ಹಬೆಯ ವಾಸನೆ ಬಂದರೆ ವಾಂತಿ. ನಾವಿರುವುದೋ ಅಂಗಡಿಯ ಅಟ್ಟದ ಮೇಲೆ. ಹಬೆ ಇಲ್ಲದ ಹೊತ್ತು ಯಾವುದು ಈ ಮನೆಯಲ್ಲಿ? ಕಿಟಕಿಗೆ ಬಟ್ಟೆ ತುರುಕಿದೆವು, ಮೆಟ್ಟಿಲಿಗೆ ಬಾಗಿಲು ಹಾಕಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಉಲ್ಜಿನ್‌ನಲ್ಲಿರುವ ನಿನ್ನ ಅತ್ತೆಯ ಮನೆಗೆ ಕಳಿಸಿದೆವು. ಅಲ್ಲಿ ಅವಳು ಅತ್ತೆಯ ಜೊತೆ ಹಗ್ಗದ ಮೇಲೆ ಸ್ಕ್ವಿಡ್ ಮೀನು ಒಣಗಿಸುತ್ತಾಳೆ. ಹಾದಿಯಲ್ಲಿ ಹೋಗುವವರೆಲ್ಲ ಮೂಗು ಮುಚ್ಚಿಕೊಳ್ಳುವ ಆ ನಾತ ಅವಳಿಗೆ ಹಿತವಂತೆ. ಅಮ್ಮನ ಕಡುಬಿನ ವಾಸನೆ ಮಾತ್ರ ಆಗುವುದಿಲ್ಲ.

ಇಷ್ಟಾದ ಮೇಲೆ ಶಾಲೆಯ ಕಮಿಟಿ ಕೂತಿತು. ಅಲ್ಲಿ ಯುಲ್ಹೀಯ ಅಮ್ಮ ಒಳ್ಳೆಯ ಕೋಟು ಹಾಕಿಕೊಂಡು ಬಂದು, ನನ್ನ ಕಡೆ ತಿರುಗಿ, ನಗುನಗುತ್ತಾ ಹೇಳಿದ ಮಾತು ಇದು: 'ಹೆಣ್ಣುಮಕ್ಕಳ ಆಟ, ಬೊರಾಮ್ ಅಮ್ಮ. ಅದಕ್ಕೆಲ್ಲ ದೊಡ್ಡವರು ನಡುವೆ ಬರ್ತಾರಾ?' ಆ ಮಾತನ್ನು ನಾನು ಅಂದೇ ಬಾಯಿಪಾಠ ಮಾಡಿಟ್ಟುಕೊಂಡೆ. ಕಮಿಟಿಯವರು ಯುಲ್ಹೀ ಬೇರೆ ಶಾಲೆಗೆ ಹೋಗತಕ್ಕದ್ದು ಎಂದು ಆದೇಶ ಮಾಡಿದರು. ಆಗ ದೊಡ್ಡವರು ನಡುವೆ ಬಂದರು ನೋಡು, ಹೇಗೆ ಬಂದರು! ವಕೀಲನನ್ನು ಹಿಡಿದು ಶಾಲೆಯ ಮೇಲೆಯೇ ದೇಗುವಿನ ಕೋರ್ಟಿನಲ್ಲಿ ದಾವೆ ಹೂಡಿದರು. ತೀರ್ಪು ಬರುವವರೆಗೆ ಆದೇಶಕ್ಕೆ ತಡೆ ತಂದರು. ಒಂದು ವರ್ಷ ಆ ತಡೆ ನಡೆಯಿತು. ಆ ವರ್ಷವಿಡೀ ಯುಲ್ಹೀ ಅದೇ ಶಾಲೆಯಲ್ಲಿ ಕಿಟಕಿ ಪಕ್ಕದಲ್ಲಿ ಕೂತು ಪಾಠ ಕೇಳಿದಳು, ಚಾರಣಕ್ಕೆ ಹೋದಳು, ಹಾಡಿನ ಸ್ಪರ್ಧೆಯಲ್ಲಿ ಬಹುಮಾನ ತಗೊಂಡಳು. ಅಲ್ಲಿ ಕೂರಬೇಕಾದವಳು ಉಲ್ಜಿನ್‌ನಲ್ಲಿ ಮೀನು ಮಗುಚುತ್ತಿದ್ದಳು. ಹೊಡೆದವರು ಶಾಲೆಯಲ್ಲಿ, ಹೊಡೆಸಿಕೊಂಡವರು ಬೀದಿಯಲ್ಲಿ. ಇದಕ್ಕೆ ಕಾನೂನಿನ ಭಾಷೆಯಲ್ಲಿ ಏನೋ ಚೆಂದದ ಹೆಸರಿದೆಯಂತೆ, ನನಗೆ ಬಾಯಿಗೆ ಬರುವುದು ಬೈಗುಳ ಮಾತ್ರ.

ಕೋರ್ಟಿಗೆ ನಾನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ದಾವೆ ಅವರಿಗೂ ಶಾಲೆಗೂ. ನಾವು ಹಿಂದಿನ ಸಾಲಿನಲ್ಲಿ ಕೂತು ನೋಡುವವರು ಅಷ್ಟೇ, ಬಾಯಿ ತೆರೆಯುವ ಹಾಗಿಲ್ಲ. ಅವರ ವಕೀಲ ಎಳೆಯ ಪ್ರಾಯದವನು, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದ. 'ಸ್ವಾಮಿ, ಇದು ಗೆಳತಿಯರು ಆಡಿದ ತಿನ್ನೋ ಪಂದ್ಯ. ಅದೂ ಅಲ್ದೆ ಹುಡುಗಿ ಕಡುಬಿನಂಗಡಿಯವಳು. ಕಡುಬು ಹೇಗೆ ತಿನ್ಬೇಕು ಅಂತ ಅವಳಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?' ಎಂದ. ನಾನು ಎದ್ದು ನಿಂತೆ. 'ನಿನ್ನಮ್ಮ ನಿನಗೆ ಏನು ತಿನ್ನಿಸಿ ಬೆಳೆಸಿದಳೋ!' ಎಂದು ಕೂಗಿದೆ. ಜಡ್ಜರು ಕನ್ನಡಕದ ಮೇಲಿಂದ ನೋಡಿದರು, ಪಹರೆಯವನು ಬಂದು ಕೂರಿಸಿದ. ಮುಂದಿನ ವಿಚಾರಣೆಗೆ ಹಳೆಯ ಕಡುಬನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದೆ, ನೀರಿಲ್ಲದೆ ನೀನೇ ತಿಂದು ತೋರಿಸಪ್ಪಾ ಎಂದು ಆ ವಕೀಲನ ಮುಂದೆ ಇಡೋಣ ಎಂದು. ಬಾಗಿಲಲ್ಲೇ 'ಅಜ್ಜೀ, ತಿಂಡಿಗಿಂಡಿ ಒಳಗೆ ಬಿಡಲ್ಲ' ಎಂದು ತೆಗೆದಿಟ್ಟುಕೊಂಡರು. ಅಜ್ಜಿಯಂತೆ! ನನಗಿನ್ನೂ ಐವತ್ತೆರಡು. ವಾಪಸು ಬರುವಾಗ ಡಬ್ಬಿ ಹಗುರವಾಗಿತ್ತು, ಹಾಳಾದವರು ಹಳಸಲನ್ನೂ ಬಿಟ್ಟಿರಲಿಲ್ಲ.

ಗುರುವಾರ ಜಡ್ಜರು ಬಂದರು, ಕೂತರು, ಓದಿದರು. ನೆಲಕ್ಕೆ ಬಿದ್ದ ಮೇಲೂ ನಿಲ್ಲದ ಚಿತ್ರೀಕರಣವನ್ನು ಆಟ ಎಂದು ಕರೆಯಲು ಸಾಧ್ಯವಿಲ್ಲ, ಶಾಲೆಯ ಆದೇಶ ಸರಿಯಾಗಿದೆ, ಅರ್ಜಿ ವಜಾ. ಅಷ್ಟೇ. ಮುಂದಿನ ಕೇಸಿನವರು ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ನಿಮ್ಮಪ್ಪನ ತೋಳು ಹಿಡಿದು 'ಇಷ್ಟೇನಾ?' ಎಂದೆ. ಅವರು 'ಇಷ್ಟೇ' ಎಂದರು. ನಾನು ಏನು ಕಾದಿದ್ದೆನೋ! ಆ ಹೆಂಗಸು ಕುಸಿದು ಬೀಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ನನ್ನ ಮುಖ ನೋಡಲಾರದೆ ಓಡುತ್ತಾಳೆ ಎಂದೆಲ್ಲ ವರ್ಷವಿಡೀ ಕನಸು ಕಂಡಿದ್ದೆ. ಅವಳು ಬ್ಯೂಟಿ ಪಾರ್ಲರಿನಿಂದ ಎದ್ದು ಹೋಗುವವಳ ಹಾಗೆ ಬ್ಯಾಗು ಹೆಗಲಿಗೇರಿಸಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ಅಪೀಲು ಹಾಕುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟರು. ಹಾಕಿದರೆ ಮಗಳು ಕಾಲೇಜಿಗೆ ಸೇರುವ ಹೊತ್ತಿಗೂ ಕೇಸು ಬಾಲ ಹಿಡಿದು ಬರುತ್ತದೆ, ಅದಕ್ಕೇ. ಹೊರಗೆ ಬಂದು ಬೊರಾಮ್‌ಗೆ ಫೋನು ಮಾಡಿದೆ. 'ಗೆದ್ವಿ ಕಣೇ, ಆ ಹಾಳಾದವಳು ಹೋಗ್ತಾಳೆ, ನೀನು ಬಾರೇ' ಎಂದೆ. 'ಹೌದಾ' ಎಂದಳು. ಆಮೇಲೆ 'ಅವಳು ಹೋದ್ರೆ ವಾಸನೆನೂ ಹೋಗುತ್ತೇನಮ್ಮ? ಮೋಡ ಕವಿದಿದೆ, ಮೀನು ಒಳಗೆ ಹಾಕ್ಬೇಕು, ಇಡ್ತೀನಿ' ಎಂದಳು. ಕೋರ್ಟು ನನ್ನ ಮಗಳಿಗೆ ಶಾಲೆಯನ್ನು ವಾಪಸು ಕೊಟ್ಟಿತು, ನನಗೆ ಮಗಳನ್ನು ಕೊಡಲಿಲ್ಲ.

ಶುಕ್ರವಾರ ಸ್ನಾನದ ಮನೆಗೆ ಹೋಗಿದ್ದೆ. ಬಿಸಿನೀರಿನ ತೊಟ್ಟಿಯಲ್ಲಿ ಕೂತ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು, ಯುಲ್ಹೀಯ ಮನೆಯವರು ಸುವೋನ್ ಕಡೆ ಹೋಗುತ್ತಿದ್ದಾರಂತೆ, ಗಂಡನಿಗೆ ಬಡ್ತಿಯಂತೆ, ಮಗಳನ್ನೂ ಅಲ್ಲಿಯ ಒಳ್ಳೆಯ ಶಾಲೆಗೆ ಸೇರಿಸುತ್ತಾರಂತೆ ಎಂದು. ಬಡ್ತಿ! ನನ್ನ ಮೈ ಬೆಂದುಹೋಯಿತು, ಅದು ತೊಟ್ಟಿಯ ಬಿಸಿಯಲ್ಲ. ಹಾಗೇ ಎದ್ದು ಬೆತ್ತಲೆ ನಿಂತು ಎಲ್ಲ ಹೇಳಿಬಿಡೋಣ ಎನಿಸಿತು. ಆದರೆ ಬಡವರಿಗೆ ಕಾನೂನು ಹೇಳಿಕೊಡುವ ಕಚೇರಿಯ ಹುಡುಗಿ ಮೊದಲೇ ಎಚ್ಚರಿಸಿದ್ದಳು: 'ಅಮ್ಮಾ, ನಮ್ಮ ದೇಶದಲ್ಲಿ ನಿಜ ಹೇಳಿದ್ರೂ ಮಾನಹಾನಿ ಕೇಸಾಗುತ್ತೆ. ಜನರ ಮುಂದೆ ಆ ಹುಡುಗಿ ಹೆಸರೆತ್ತಬೇಡಿ, ಅವರು ಅದಕ್ಕೇ ಕಾಯ್ತಿರ್ತಾರೆ.' ಸುಳ್ಳು ಹೇಳಿದವರು ತೊಟ್ಟಿಯಲ್ಲಿ ಬೆಚ್ಚಗೆ, ನಿಜ ಹೇಳಿದವಳು ಜೈಲಿನಲ್ಲಿ! ತಲೆ ಒರೆಸಿಕೊಳ್ಳುತ್ತಿದ್ದಾಗ ನನಗೆ ಹೊಳೆಯಿತು. ಬಾಯಿಗೆ ಬೀಗ ಹಾಕಬಹುದು, ಕಡುಬಿಗೆ ಹಾಕಲು ಬರುತ್ತದೆಯೇ?

ನಮ್ಮ ಅಂಗಡಿಯ ಅರ್ಧ ಹೊಟ್ಟೆಪಾಡೇ ಹೊಸ ಮನೆಗೆ ಬಂದವರದು, ನಿನಗೆ ಗೊತ್ತು. ಬಂದವರು ಕೆಂಪು ಕಾಳಿನ ಕಡುಬು ಹಂಚುತ್ತಾರೆ, ಪೀಡೆ ಪಿಶಾಚಿ ದೂರವಿರಲಿ, ನೆರೆಹೊರೆ ಹತ್ತಿರ ಬರಲಿ ಎಂದು. ಹೋಗುವವರ ಹೆಸರಿನಲ್ಲಿ ಹಂಚಿದವಳು ಈ ಊರಿನಲ್ಲಿ ನಾನೇ ಮೊದಲಿಗಳಿರಬೇಕು. ಶನಿವಾರ ಬೆಳಿಗ್ಗೆ ದೊಡ್ಡ ಹಂಡೆ ಇಟ್ಟೆ. ಕಾಳು ಬೇಯಿಸುವಾಗ ಅದರ ಕೆಂಪು ನೋಡಿ ನನಗೆ ಹಬ್ಬದ ಖುಷಿ. ನಿಮ್ಮಪ್ಪ ಏನು, ಯಾರಿಗೆ ಎಂದು ಕೇಳಲಿಲ್ಲ. ಟ್ರೇಗಳನ್ನು ಗಾಡಿಗೆ ಏರಿಸಿದರು, ಯುಲ್ಹೀ ಮನೆಯವರಿರುವ ಅಪಾರ್ಟ್‌ಮೆಂಟಿನ ಬಾಗಿಲಿಗೆ ತಂದರು. ಕೆಳಗಿನ ಮಹಡಿಯಿಂದ ಹಿಡಿದು ಒಂದು ಮನೆಯನ್ನೂ ಬಿಡದೆ ಬೆಲ್ ಒತ್ತಿದೆ. ಎರಡೂ ಕೈಯಿಂದ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ, ಒಂದೇ ಮಾತು: 'ಹನ್ನೆರಡನೇ ಮಹಡಿಯ ಮೂರನೇ ಮನೆಯವರು ಹೋಗ್ತಿದ್ದಾರೆ. ಅದಕ್ಕೇ ಕಡುಬು.' ಜನ ಕಣ್ಣು ಕಣ್ಣು ಬಿಡುತ್ತಿದ್ದರು. 'ಅಯ್ಯೋ, ಹೋಗೋರು ಎಲ್ಲಾದ್ರೂ ಹಂಚ್ತಾರಾ? ಬರೋರಲ್ವಾ ಹಂಚೋದು?' 'ಕೆಲವರು ಹೋದಾಗ್ಲೇ ಹಂಚಬೇಕಾಗುತ್ತೆ.' 'ನೀವು ಅವರಿಗೆ ಏನಾಗ್ಬೇಕು?' 'ಬೊರಾಮ್ ಅಮ್ಮ.' ಅಷ್ಟೇ ನೋಡು. ಬೇರೆ ಒಂದಕ್ಷರ ಆಡಲಿಲ್ಲ. ಫೋನಿನಿಂದ ಫೋನಿಗೆ ಹರಿದಾಡಿದ ಆ ವೀಡಿಯೋ ನೋಡದವರು ಆ ಕಟ್ಟಡದಲ್ಲಿ ಯಾರಿದ್ದಾರೆ? ಹೆಸರು ಕೇಳಿದ ಕೂಡಲೇ ಕೆಲವರು ಕಣ್ಣು ತಗ್ಗಿಸಿದರು, ಕೆಲವರು ಬಾಯಿಗೆ ಕೈ ಇಟ್ಟುಕೊಂಡರು. ಐದನೇ ಮಹಡಿಯ ಮುದುಕಿಯೊಬ್ಬಳು ನನ್ನ ಎರಡೂ ಕೈ ಹಿಡಿದು, 'ಪೀಡೆ ತೊಲಗಿತಾ ಮಗಳೇ?' ಎಂದು ಕೇಳಿ ಇನ್ನೊಂದು ಪೊಟ್ಟಣ ಇಸಿದುಕೊಂಡಳು. ಕೊನೆಗೆ ಅವರ ಬಾಗಿಲು. ನಿಮ್ಮಪ್ಪ ಆ ದಿನ ಮೊದಲ ಸಲ ಬಾಯಿ ತೆರೆದು 'ಇಲ್ಲಿಗೂನಾ?' ಎಂದರು. 'ಇಲ್ಲಿಗೇ' ಎಂದು ಎಲ್ಲಕ್ಕಿಂತ ದೊಡ್ಡ ಪೊಟ್ಟಣವನ್ನು ಹಿಡಿಕೆಗೆ ನೇತುಹಾಕಿದೆ. ಒಳಗೆ ಟಿವಿ ಸದ್ದು ಕೇಳುತ್ತಿತ್ತು, ಬೆಲ್ ಒತ್ತಿದ ಮೇಲೆ ಅದು ನಿಂತಿತು. ಯಾರೂ ಬಾಗಿಲು ತೆರೆಯಲಿಲ್ಲ. ಮನೆಗೆ ಬಂದು ಬಿಸಿ ಸಾರಿನಲ್ಲಿ ಎರಡು ಬಟ್ಟಲು ಅನ್ನ ಉಂಡೆ, ವರ್ಷದ ಮೇಲೆ ಮೊದಲ ಸಲ ಹೊಟ್ಟೆ ತುಂಬ.

ಇವತ್ತು ಬೆಳಿಗ್ಗೆ ಅವಳು ಬಂದಳು. ಯುಲ್ಹೀ ಅಮ್ಮ, ಅದೇ ಕೋಟು. ಜಗಳಕ್ಕೇ ಬಂದಿದ್ದಾಳೆ ಎಂದು ನಾನು ಸೆರಗಿಲ್ಲದ ಸೊಂಟಕ್ಕೆ ಮುಸುರೆ ಬಟ್ಟೆ ಬಿಗಿದು ಕೊಡತಿ ಕೈಗೆ ತೆಗೆದುಕೊಂಡೆ. ನಾಲಿಗೆಯ ಮೇಲೆ ವರ್ಷದ ಬೈಗುಳ ಸಾಲುಗಟ್ಟಿ ನಿಂತಿತ್ತು. ಅವಳು ಕಡುಬಿನ ಮಾತೇ ಎತ್ತಲಿಲ್ಲ. ಅಂಗಡಿಯ ಬಾಗಿಲನ್ನು ತಾನೇ ಮುಂದೆ ಮಾಡಿ, ಅಕ್ಕಿ ತೊಳೆದ ನೀರು ಹರಿದಾಡುತ್ತಿದ್ದ ನೆಲದ ಮೇಲೆ ಮಂಡಿಯೂರಿದಳು. ನಾನು ಅವ್ವಾ ಎಂದು ಹಿಂದೆ ಸರಿದೆ. 'ಸಾನ್‌ಹಾ ಫೋನ್ ಮಾಡಿದ್ದ' ಎಂದಳು. 'ನಿಮ್ಮ ಮಗನ ಕೈಕೆಳಗೆ ಹಾಕಿದ್ದಾರಂತೆ. ನಿಮ್ಮ ಮಗನಿಗೆ ಎಲ್ಲ ಗೊತ್ತಂತೆ. ಏನೂ ಮಾತಾಡಲ್ವಂತೆ, ಊಟಕ್ಕೆ ಕೂತಾಗ ಎದುರಿಗೇ ಬಂದು ಕೂತು ಸುಮ್ನೆ ನೋಡ್ತಾನಂತೆ. ನನ್ನ ಮಗನಿಗೆ ಅನ್ನ ಇಳೀತಿಲ್ಲ, ಬೊರಾಮ್ ಅಮ್ಮ. ಹತ್ತು ದಿನದಿಂದ ಅನ್ನ ಇಳೀತಿಲ್ಲ. ಅವನು ಏನೂ ಮಾಡಿಲ್ಲ, ಆ ಹೊತ್ತಲ್ಲಿ ಅವನು ಊರಲ್ಲೇ ಇರ್ಲಿಲ್ಲ.' 'ನನ್ನ ಮಗಳು ಏನು ಮಾಡಿದ್ಲು?' ಎಂದೆ. ಅನ್ನ ಇಳಿಯುತ್ತಿಲ್ಲ ಎಂಬ ಮಾತಿಗೆ ನನ್ನ ಕೈ ಒಂದು ಗಳಿಗೆ ನಿಂತದ್ದು ನಿಜ, ಅವಳು ನೆಲ ನೋಡುತ್ತಿದ್ದಳು, ಕಾಣಲಿಲ್ಲ. 'ನಿಮ್ಮ ಮಗನಿಗೆ ಒಂದು ಮಾತು ಹೇಳಿ. ನಿಮ್ಮ ಕಾಲು ಹಿಡೀತೀನಿ, ಒಂದೇ ಒಂದು ಮಾತು' ಎಂದಳು.

ಆಗ ನಾನು ಕೊಡತಿ ಕೆಳಗಿಟ್ಟೆ. ಅವಳ ಹಾಗೆಯೇ ನಗುನಗುತ್ತಾ ಹೇಳಿದೆ: 'ಗಂಡುಮಕ್ಕಳ ಆಟ, ಯುಲ್ಹೀ ಅಮ್ಮ. ಅದಕ್ಕೆಲ್ಲ ದೊಡ್ಡವರು ನಡುವೆ ಬರ್ತಾರಾ?'

ಗ್ಯೂಜಿನ್, ಆ ಮುಖ ನೀನು ನೋಡಬೇಕಿತ್ತು! ತನ್ನದೇ ಮಾತು ಎಂದು ಅವಳಿಗೆ ನೆನಪಾದದ್ದು ನನ್ನ ಕಣ್ಣಿಗೆ ಕಂಡಿತು. ಮೊದಲು ತುಟಿ ಒಣಗಿತು, ಆಮೇಲೆ ಗಲ್ಲ ನಡುಗಿತು, ಆಮೇಲೆ ಸದ್ದಿಲ್ಲದೆ ಕಣ್ಣೀರು ಸುರಿಯಿತು. ಜಡ್ಜರು ಅಷ್ಟುದ್ದ ಓದಿದರೂ ಕೊಡಲಾಗದ್ದನ್ನು ಆ ಮುಖ ನನಗೆ ಕೊಟ್ಟಿತು. ಆ ಖುಷಿಯನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕಾಗಿಯೂ ಇಲ್ಲ. 'ಹೇಳ್ತೀರೋ ಇಲ್ವೋ, ಅಷ್ಟಾದ್ರೂ ಹೇಳಿ' ಎಂದು ಇನ್ನೊಮ್ಮೆ ಕೇಳಿದಳು. 'ಕೆಲಸ ಬಿದ್ದಿದೆ, ಅಕ್ಕಿ ನೆನೆ ಹಾಕ್ಬೇಕು' ಎಂದು ಬೆನ್ನು ತಿರುಗಿಸಿದೆ. ಅವಳು ಎದ್ದಾಗ ಕೋಟಿನ ಮಂಡಿ ಒದ್ದೆಯಾಗಿ ಹಿಟ್ಟು ಮೆತ್ತಿಕೊಂಡಿತ್ತು. ಒರೆಸಿಕೊಳ್ಳಲು ಬಟ್ಟೆ ಕೂಡ ಕೊಡಲಿಲ್ಲ ನಾನು. ಹಾಗೇ ಪೇಟೆಯ ನಡುವೆ ನಡೆದುಹೋದಳು. ಹಿಂದಿನ ಕೋಣೆಯಿಂದ ನಿಮ್ಮಪ್ಪ ಬಂದು 'ಹೇಳ್ಬಿಡಬಹುದಿತ್ತು' ಎಂದರು. ವರ್ಷವಿಡೀ ಸುಮ್ಮನಿದ್ದವರಿಗೆ ಇವತ್ತೇ ಮಾತು ಬರಬೇಕಿತ್ತೇ? ಹೋಗಿ ಒಲೆ ನೋಡಿ ಎಂದು ಗದರಿದೆ. ಅವರು ಹೋದರು, ಆದರೆ ಒಲೆಯ ಮುಂದೆ ನನ್ನ ಕಡೆಗೆ ಬೆನ್ನು ಹಾಕಿ ಕೂತಿದ್ದಾರೆ. ಈ ಪತ್ರ ಬರೆಯುತ್ತಿರುವಾಗಲೂ ಹಾಗೇ ಕೂತಿದ್ದಾರೆ.

ಇನ್ನೇನು ಬರೆಯಲಿ? ಬೊರಾಮ್ ಹೋದ ವಾರ ನಿನಗೆಂದು ಒಣಮೀನು ಕಟ್ಟಿದ್ದಾಳಂತೆ, ನಿನ್ನ ಅತ್ತೆ ಅಂಚೆಗೆ ಹಾಕುತ್ತಾರೆ. ಬ್ಯಾರಕ್ಕಿನವರೆಲ್ಲ ನಾತಕ್ಕೆ ಓಡಿಹೋದರೆ ನನ್ನನ್ನು ದೂರಬೇಡ. ಅವಳು ಓದು ಬಿಟ್ಟಿಲ್ಲ, ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಬರೆಯುವ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಈ ಚಳಿಗಾಲ ಮುಗಿದ ಮೇಲೆ ಅಂಗಡಿಯನ್ನು ಇಲ್ಲೇ ಇಟ್ಟು, ಮಲಗುವ ಮನೆಯನ್ನು ಹಬೆ ತಲುಪದ ಕಡೆ ಮಾಡೋಣ ಎಂದು ನಾನೂ ನಿಮ್ಮಪ್ಪನೂ ಮಾತಾಡಿಕೊಂಡಿದ್ದೇವೆ. ನೀನು ಹಿರಿಯರಿಗೆ ಎದುರಾಡಬೇಡ, ಕಿವಿ ಮುಚ್ಚುವ ಟೋಪಿ ಮರೆಯಬೇಡ, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಿಮ್ಮಪ್ಪ ಆಶೀರ್ವಾದ ಹೇಳಿದ್ದಾರೆ, ಅಂದರೆ ಕೇಳಿದ್ದಕ್ಕೆ ತಲೆಯಾಡಿಸಿದ್ದಾರೆ. ನನ್ನ ಆಯಸ್ಸಿನಲ್ಲಿ ಅರ್ಧ ನಿನಗಿರಲಿ, ಇನ್ನರ್ಧ ಬೊರಾಮ್‌ಗೆ. ಗಟ್ಟಿಯಾಗಿರು ಮಗನೇ.

ನಿನ್ನ ದಾರಿ ಕಾಯುವ
ಅಮ್ಮ

ಮ.ವಿ.: ಅಂಚೆಯವನ ಸ್ಕೂಟರು ಬೀದಿಯ ಕೊನೆಗೆ ಬಂದಿದೆ, ಬೇಗ ಬೇಗ ಬರೆಯುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ: ಬೇಡ. ಆ ಹುಡುಗನ ಮೈ ಮುಟ್ಟಬೇಡ. ಎದುರಿಗೆ ಕೂತು ದಿಟ್ಟಿಸುವುದನ್ನೂ ಇವತ್ತಿಗೇ ನಿಲ್ಲಿಸು. ಕರುಣೆ ಉಕ್ಕಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ, ಆ ಮನೆಯವರ ಮೇಲೆ ನನಗೆ ಎಳ್ಳಷ್ಟೂ ಕರುಣೆ ಇಲ್ಲ. ಆದರೆ ಅನ್ನ ಇಳಿಯದ ಮಗುವನ್ನು ಈ ಕಣ್ಣಿನಿಂದ ನೋಡಿದ್ದೇನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅಂಥ ಇನ್ನೊಂದನ್ನು ಮಾಡಕೂಡದು. ಈ ಪತ್ರ ಓದಿದ ಕೂಡಲೇ ಅವನನ್ನು ಪಕ್ಕಕ್ಕೆ ಕರೆದು, 'ನಿನಗೆ ಏನೂ ಆಗಲ್ಲ, ನೆಮ್ಮದಿಯಾಗಿ ಉಣ್ಣು' ಎಂದು ಹೇಳು. ಬಡಿಸುವಾಗ ನೀನೇ ಒಂದು ಸೌಟು ಹೆಚ್ಚಿಗೆ ಹಾಕಿಸು. ಆದರೆ ಇದನ್ನು ಮನೆಗೆ ಮಾತ್ರ ಹೇಳಬಾರದು ಎಂದು ಅವನಿಂದ ಆಣೆ ಮಾಡಿಸಿಕೋ, ಸೈನ್ಯದಿಂದ ಬಿಡುಗಡೆಯಾಗಿ ಬರುವ ದಿನದವರೆಗೆ. ಹುಡುಗನ ಹೊಟ್ಟೆ ನೀನು ನೋಡಿಕೋ. ಅವರಮ್ಮನ ನಿದ್ದೆಯನ್ನು ನನಗೆ ಬಿಡು.